ಸ್ಟಾಪರ್ ಬ್ಯಾಕ್ ಸತ್ಯನ್

2006ನೇ ಇಸವಿ ಜುಲೈ 9ರ ರಾತ್ರಿ ಬರ್ಲಿನ್ನಿನಲ್ಲಿ ವಿಶ್ವಕಪ್ ಫೈನಲ್. ಫ್ರಾನ್ಸಿನ ನಾಯಕ ಜಿನೆದಿನ್ ಜಿದಾನ್ ತನ್ನ ಬಾಳಿನ ಕಡೆಯ ಪಂದ್ಯದಲ್ಲಿ ಇಟಲಿಯ ಮಾತೆರಾತ್ಸಿಯ ಎದೆಗೆ ತಲೆಯಿಂದ ಗುದ್ದಿ, ಕೆಂಪು ಚೀಟಿ ಪಡೆದು, ಮೇಜಿನ ಮೇಲಿಟ್ಟಿದ್ದ ಕಪ್ಪಿನ ಪಕ್ಕದಲ್ಲೇ ತಲೆ ತಗ್ಗಿಸಿಕೊಂಡು ನಡೆದುಹೋದ. ಆಮೇಲೆ ಎಷ್ಟೋ ದಿನ ಪ್ರಪಂಚಕ್ಕೆಲ್ಲ ಅದೇ ಮಾತು. ಇಷ್ಟು ದೊಡ್ಡ ಪ್ರತಿಭೆಗೆ ಇಂಥ ದೋಷವೇಕೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡರು. ಆ ಚರ್ಚೆಯ ಬಿಸಿ ಇನ್ನೂ ಆರಿರಲಿಲ್ಲ. ಒಂಬತ್ತು ದಿನ ಕಳೆದು, ಜುಲೈ 18ರಂದು, ನಾವಿರುವ ಈ ಚೆನ್ನೈನಲ್ಲೇ, ಪಲ್ಲಾವರಂನಲ್ಲಿ, ಭಾರತ ತಂಡದ ಮಾಜಿ ನಾಯಕರೊಬ್ಬರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಹೆಸರು ವಿ. ಪಿ. ಸತ್ಯನ್. ವಯಸ್ಸು 41.

ಕ್ರಿಕೆಟ್ಟಿನ ಸರಾಸರಿಗಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರುವ ನಮ್ಮಂಥವರಿಗೆ ಈ ಹೆಸರು ಹೇಳಿದರೆ, ಯಾವ ಸತ್ಯನ್, ಸಿನಿಮಾದವರಾ ಅಂತ ಕೇಳುವುದು ಸಹಜವೇ. ಅಲ್ಲ, ಇವರು ಫುಟ್‌ಬಾಲಿನವರು. ಅಡ್ಯಾರಿನಲ್ಲಿ ಕೂತು ಕನ್ನಡ ಓದುವ ನಮಗೂ ಇವರಿಗೂ ಏನು ಸಂಬಂಧ ಅಂದರೆ, ಒಂದು, ಇವರು ನಮ್ಮ ಹಾಗೆಯೇ ಬೇರೆ ಊರಿನಿಂದ ಬಂದು ಈ ಊರಿನಲ್ಲಿ ಅನ್ನ ಹುಡುಕಿಕೊಂಡವರು. ಇನ್ನೊಂದು, ಅದು ಈ ಬರಹದ ಕೊನೆಗೆ ಬರುತ್ತದೆ, ಇರಲಿ.

ಕಾಸರಗೋಡಿನಿಂದ ಕಡಲ ಪಕ್ಕದ ರೈಲಿನಲ್ಲಿ ದಕ್ಷಿಣಕ್ಕೆ ಹೋದರೆ ಕಣ್ಣೂರು ದಾಟಿದ ಮೇಲೆ ತಲಶ್ಶೇರಿ, ಅದರಾಚೆ ಮಾಹೆ. ಅಲ್ಲೇ ಒಳಗಡೆ ಚೊಕ್ಲಿ ಅನ್ನುವ ಊರು. 1965ರ ಏಪ್ರಿಲ್ 29ರಂದು ಸತ್ಯನ್ ಹುಟ್ಟಿದ್ದು ಆ ಕಡೆ. ಮಲಬಾರಿನಲ್ಲಿ ಫುಟ್‌ಬಾಲ್ ಅಂದರೆ ಬರೀ ಆಟ ಅಲ್ಲ, ಒಂಥರಾ ಜಾತ್ರೆ. ಕೊಯ್ಲು ಮುಗಿದ ಗದ್ದೆಯಲ್ಲಿ ಅಡಿಕೆ ಮರ, ಬಿದಿರು ಕಟ್ಟಿ ಅಟ್ಟಣಿಗೆ ಮಾಡಿ, ಏಳೇಳು ಜನರ ತಂಡದ ಪಂದ್ಯ ಆಡಿಸುತ್ತಾರೆ. ನೋಡುವುದಕ್ಕೆ ಊರಿಗೆ ಊರೇ ಬಂದು ಕೂರುತ್ತದೆ. ಇಂಥ ನೆಲದಲ್ಲಿ ಚೆಂಡು ಒದೆಯೋದನ್ನ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾದದ್ದು ಚೆಂಡು ಇಲ್ಲದಾಗ ಎಲ್ಲಿ ನಿಲ್ಲಬೇಕು ಅನ್ನೋದನ್ನ. ಸತ್ಯನ್ ಆ ವಿದ್ಯೆಯಲ್ಲಿ ದೊಡ್ಡವರಾದರು.

ಆ ಕಾಲದಲ್ಲಿ ಆಟಗಾರನ ಬದುಕು ಅಂದರೆ ಸರ್ಕಾರಿ ನೌಕರಿ. ಈಗಿನ ಹಾಗೆ ಹರಾಜು, ಕೋಟಿ ರೂಪಾಯಿ ಒಪ್ಪಂದ ಇರಲಿಲ್ಲ. ನಮ್ಮ ಬೆಂಗಳೂರನ್ನೇ ನೋಡಿ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಂಡು ಬೂಟು ತೊಡಿಸಿದವು. 1977ರಲ್ಲಿ ಫೆಡರೇಷನ್ ಕಪ್ ಮೊಟ್ಟಮೊದಲ ಸಲ ಕೊಚ್ಚಿಯಲ್ಲಿ ನಡೆದಾಗ ಗೆದ್ದವರು ಇದೇ ಐಟಿಐನವರು, ಅದೂ ಕಲ್ಕತ್ತೆಯ ಮೋಹನ್ ಬಗಾನ್ ತಂಡವನ್ನು ಸೋಲಿಸಿ. ಕೇರಳದಲ್ಲಿ ಈ ಕೆಲಸ ಮಾಡಿದ್ದು ಪೊಲೀಸ್ ಇಲಾಖೆ. ಎಂಬತ್ತರ ದಶಕದಲ್ಲಿ ಅವರು ಕಟ್ಟಿದ ತಂಡದಲ್ಲಿ ಯಾರು ಯಾರಿದ್ದರು ನೋಡಿ: ತ್ರಿಶ್ಶೂರಿನ ಮೈದಾನದಲ್ಲಿ ಸೋಡಾ ಮಾರುತ್ತಿದ್ದ ಹುಡುಗ ಐ. ಎಂ. ವಿಜಯನ್, ಸಿ. ವಿ. ಪಾಪ್ಪಚ್ಚನ್, ಷರಾಫ್ ಅಲಿ, ಕುರಿಕೇಶ್ ಮ್ಯಾಥ್ಯೂ, ಗೋಲಿನಲ್ಲಿ ಕೆ. ಟಿ. ಚಾಕೊ. ಇವರೆಲ್ಲರ ನಡುವೆ, ಹಿಂದಿನ ಸಾಲಿನಲ್ಲಿ ಸತ್ಯನ್. 1990ರಲ್ಲಿ ತ್ರಿಶ್ಶೂರಿನಲ್ಲಿ ಗೋವಾದ ಸಾಲ್ಗಾಂವ್‌ಕರ್ ತಂಡವನ್ನು ಮಣಿಸಿ ಕೇರಳ ಪೊಲೀಸರು ಫೆಡರೇಷನ್ ಕಪ್ ಎತ್ತಿದರು. ಕೇರಳದ ತಂಡವೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ಮರುವರ್ಷ ಮತ್ತೆ ಗೆದ್ದರು.

ಗೋಲು ಹೊಡೆಯುವವನ ಕೆಲಸ ಎಲ್ಲರಿಗೂ ಅರ್ಥವಾಗುತ್ತದೆ. ಸ್ಟಾಪರ್ ಬ್ಯಾಕ್‌ನ ಕೆಲಸ ಹಾಗಲ್ಲ. ಎದುರಾಳಿಯ ಮುಂಚೂಣಿಯವನು ಹತ್ತು ಸಲ ತಪ್ಪು ಮಾಡಿ ಹನ್ನೊಂದನೇ ಸಲ ಗೋಲು ಹೊಡೆದರೆ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಸ್ಟಾಪರ್ ಹತ್ತು ಸಲ ಸರಿಯಾಗಿ ತಡೆದು ಹನ್ನೊಂದನೇ ಸಲ ಅರ್ಧ ಗಜ ತಪ್ಪಿದರೆ ಸೋಲು ಅವನ ಹೆಸರಿಗೆ. ಅವನು ನಿಂತಲ್ಲಿಂದ ಮೈದಾನ ಪೂರ್ತಿ ಕಾಣುತ್ತದೆ. ಅದಕ್ಕೇ ಬಹಳ ತಂಡಗಳಲ್ಲಿ ನಾಯಕತ್ವ ಅವನ ಪಾಲಿಗೆ ಬರುವುದು. ಪಕ್ಕದವನು ಮುಂದೆ ಹೋದರೆ ಇವನು ಆ ಜಾಗ ತುಂಬಬೇಕು, ಆಫ್‌ಸೈಡ್ ಸಾಲು ಹಿಡಿಯಬೇಕು, ಎಲ್ಲರಿಗೂ ಕೂಗಿ ಹೇಳುತ್ತಿರಬೇಕು. ಮುಖ್ಯವಾಗಿ, ಕುಂಟಬಾರದು. ಸ್ಟಾಪರ್ ಕುಂಟುತ್ತಿದ್ದಾನೆ ಅಂತ ಎದುರಿನವರಿಗೆ ಗೊತ್ತಾದರೆ ಚೆಂಡೆಲ್ಲ ಅವನ ಕಡೆಗೇ ಬರುತ್ತದೆ. ಆದ್ದರಿಂದ ನೋವನ್ನು ಮುಖದ ಮೇಲೆ ತಾರದೆ ನುಂಗಿಕೊಳ್ಳೋದು ಈ ಕಸುಬಿನ ಒಂದು ಭಾಗ. ಈ ಮಾತನ್ನು ಓದುಗ ಮಿತ್ರರು ನೆನಪಿಟ್ಟುಕೊಳ್ಳಬೇಕು.

1992ರಲ್ಲಿ ಕೊಯಮತ್ತೂರಿನಲ್ಲಿ ಸಂತೋಷ್ ಟ್ರೋಫಿ. ಕೇರಳ 1973ರಲ್ಲಿ ಒಂದೇ ಒಂದು ಸಲ ಗೆದ್ದಿತ್ತು. ಆಮೇಲೆ ಸುಮಾರು ಎರಡು ದಶಕ ಬರಿಗೈ. (ನಮ್ಮವರಿಗೆ ಈ ವಿಷಯದಲ್ಲಿ ಮೀಸೆ ತಿರುವುವ ಹಕ್ಕಿದೆ, ಮೈಸೂರು ತಂಡ ಅಷ್ಟರೊಳಗೆ ನಾಲ್ಕು ಸಲ ಗೆದ್ದಾಗಿತ್ತು. ಆದರೆ ಐದನೆಯದಕ್ಕೆ 2023ರ ತನಕ ಕಾಯಬೇಕಾಯಿತು, ಆದ್ದರಿಂದ ಮೀಸೆಯನ್ನು ಸ್ವಲ್ಪವೇ ತಿರುವೋಣ.) ಸತ್ಯನ್ ನಾಯಕತ್ವದಲ್ಲಿ ಕೇರಳ ಗೋವಾವನ್ನು 3-0 ಅಂತರದಲ್ಲಿ ಸೋಲಿಸಿ ಟ್ರೋಫಿಯನ್ನು ಊರಿಗೆ ತಂದಿತು. ಫೈನಲ್ಲಿನಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದಿರುವುದು ಹಿಂದಿನ ಸಾಲಿನ ಸಾಧನೆ. ಆದರೆ ಅಂಥದಕ್ಕೆ ಫೋಟೋ ಇರುವುದಿಲ್ಲ, ತಡೆದದ್ದನ್ನು ಯಾರು ಫೋಟೋ ಹಿಡಿಯುತ್ತಾರೆ?

ಆ ಹೊತ್ತಿಗೆ ಅವರು ಭಾರತ ತಂಡದ ನಾಯಕರೂ ಆಗಿದ್ದರು. ಆಗಿನ ಭಾರತ ತಂಡದ ಸ್ಥಿತಿ ಗೊತ್ತಿರುವುದೇ. ಕೈಯಲ್ಲಿ ಕಾಸಿಲ್ಲ, ವರ್ಷಕ್ಕೆ ನಾಲ್ಕಾರು ಪಂದ್ಯ, ಹೊರದೇಶಕ್ಕೆ ಹೋದರೆ ಸೋಲು. ಅಂಥದರಲ್ಲಿ 1995ರ ಡಿಸೆಂಬರಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟ ಇಲ್ಲೇ ನಡೆಯಿತು. ಊರಿನ ಹೆಸರು ಆಗ ಇನ್ನೂ ಮದರಾಸು. 1993ರ ನೆಹರು ಕಪ್‌ಗಾಗಿ ಕೆಡವಿ ಹೊಸದಾಗಿ ಕಟ್ಟಿದ್ದ ನೆಹರು ಸ್ಟೇಡಿಯಂ. ಸೆಂಟ್ರಲ್ ಸ್ಟೇಷನ್ನಿನ ಹಿಂಭಾಗದಲ್ಲಿ, ನಾವು ಬೆಂಗಳೂರು ಮೇಲ್ ಹಿಡಿಯೋದಕ್ಕೆ ಹೋಗುವಾಗ ಅದರ ದೀಪದ ಕಂಬಗಳು ಕಾಣುತ್ತವಲ್ಲ, ಅದೇ. ಫೈನಲ್ಲಿನಲ್ಲಿ ಬಾಂಗ್ಲಾದೇಶವನ್ನು 1-0 ಅಂತರದಲ್ಲಿ ಸೋಲಿಸಿ ಭಾರತ ಚಿನ್ನ ಗೆದ್ದಿತು. ಗೋಲು ಹೊಡೆದದ್ದು ಈ ಊರಿನ ಹುಡುಗ ಸಾಬಿರ್ ಪಾಷಾ. ನಾಯಕ ಸತ್ಯನ್. ಎರಡು ತಿಂಗಳಾಗಿ, 1996ರ ಫೆಬ್ರವರಿಯಲ್ಲಿ, ಫಿಫಾ ಪಟ್ಟಿಯಲ್ಲಿ ಭಾರತ 94ನೇ ಸ್ಥಾನಕ್ಕೆ ಏರಿತು. 94 ಅಂದರೆ ನಗು ಬರಬಹುದು. ಆದರೆ ಅಂದಿನಿಂದ ಇಂದಿನವರೆಗೆ ಭಾರತ ಅದಕ್ಕಿಂತ ಮೇಲೆ ಹೋಗಿಲ್ಲ.

ಪೊಲೀಸ್ ಕೆಲಸ ಬಿಟ್ಟು ಸತ್ಯನ್ ಇಂಡಿಯನ್ ಬ್ಯಾಂಕ್ ಸೇರಿದರು, ಹಾಗೆ ಚೆನ್ನೈಯವರಾದರು. ಬ್ಯಾಂಕಿನ ತಂಡಕ್ಕೆ ಆಡಿದರು. ಆಡುವುದು ಮುಗಿದ ಮೇಲೆ ಹುಡುಗರಿಗೆ ತರಬೇತಿ ಕೊಟ್ಟರು. ಹೀಗೆ ಒಂದೇ ಸಾಲಿನಲ್ಲಿ ಬರೆದರೆ ಎಲ್ಲ ಸುಗಮವಾಗಿ ನಡೆದ ಹಾಗೆ ಕಾಣುತ್ತದೆ. ಆದರೆ ಕಾಲುಗಳು ಆಗಲೇ ಸೋತಿದ್ದವು. ವರ್ಷಗಟ್ಟಲೆ ಗಟ್ಟಿ ನೆಲದ ಮೇಲೆ, ಗಾಯ ಮಾಗುವ ಮೊದಲೇ ಮತ್ತೆ ಇಳಿದು ಆಡಿದ ಕಾಲುಗಳು. ಗಾಯವಾದ ಆಟಗಾರನನ್ನು ಕೂರಿಸಿ, ತಿಂಗಳುಗಟ್ಟಲೆ ಶುಶ್ರೂಷೆ ಮಾಡಿ, ವಾಪಸು ತರುವ ಪದ್ಧತಿ ನಮ್ಮಲ್ಲಿ ಆಗ ಎಲ್ಲಿತ್ತು? ಕೂತರೆ ಜಾಗ ಹೋಯಿತು ಅಂತಲೇ ಲೆಕ್ಕ. ಸತ್ಯನ್ ಕೂರಲಿಲ್ಲ. ನೋವಿನ ಕಾಲಿನಲ್ಲೇ ಆಡಿದರು. ಅವರ ಆಟವನ್ನು ಮೆಚ್ಚುವವರು ಇದನ್ನು ಕೆಚ್ಚು ಅನ್ನುತ್ತಾರೆ. ನನಗೆ ಕೇಳಿದರೆ, ದೋಷ ಅಂತ ಒಂದನ್ನು ಹೇಳಲೇಬೇಕಾದರೆ ಇದೇ ಅದು. ಆಟದ ಹೊರಗೆ ತನಗೊಂದು ಜಾಗ ಇದೆ ಅಂತ ನಂಬಲಿಕ್ಕೆ ಅವರಿಗೆ ಆಗಲಿಲ್ಲ. ಕಾಲು ಬೇಡ ಅಂದಾಗಲೂ ಮನಸ್ಸು ಮೈದಾನದಲ್ಲೇ ನಿಂತಿತ್ತು. ಕೊನೆಯ ವರ್ಷಗಳಲ್ಲಿ ಖಿನ್ನತೆ ಅವರನ್ನು ಹಿಡಿಯಿತು.

ಇಲ್ಲಿ ಒಂದು ಮಾತು. ಪ್ರತಿಭೆ ಮತ್ತು ದೋಷ ಅಂತ ಜೋಡಿ ಮಾಡಿ ಮಾತಾಡುವುದು ಫುಟ್‌ಬಾಲ್ ಲೋಕದಲ್ಲಿ ಒಂದು ಚಟ. ಬ್ರೆಜಿಲ್ಲಿನ ಗಾರಿಂಚ, ಹುಟ್ಟಿನಿಂದಲೇ ವಕ್ರವಾದ ಕಾಲುಗಳಲ್ಲಿ 1962ರ ವಿಶ್ವಕಪ್ಪನ್ನು ದೇಶಕ್ಕೆ ಗೆದ್ದುಕೊಟ್ಟವನು, ಕುಡಿದು ಕುಡಿದು 1983ರಲ್ಲಿ 49ರ ಪ್ರಾಯಕ್ಕೆ ಸತ್ತ. ಜಾರ್ಜ್ ಬೆಸ್ಟ್ ಅನ್ನುವ ಐರಿಷ್ ಮಾಯಾವಿ ಬದಲಿ ಯಕೃತ್ತು ಹಾಕಿಸಿಕೊಂಡ ಮೇಲೂ ಕುಡಿತ ಬಿಡದೆ 2005ರ ನವೆಂಬರ್ 25ರಂದು ಹೋದ. ಕಾಕತಾಳೀಯ ನೋಡಿ, ಹದಿನೈದು ವರ್ಷ ಕಳೆದು ಅದೇ ದಿನಾಂಕಕ್ಕೆ ಮರಡೋನ. ಇವರ ಕತೆ ಹೇಳುವಾಗ ನಮಗೆ ಒಂದು ಬಗೆಯ ಖುಷಿಯೂ ಇರುತ್ತದೆ, ಸುಳ್ಳು ಯಾಕೆ ಹೇಳಬೇಕು. ಆಕಾಶದಿಂದ ಬಿದ್ದ ನಕ್ಷತ್ರ, ಅತಿ ಮೋಜು, ಅತಿ ಪತನ. ಸತ್ಯನ್ ಕತೆಯನ್ನು ಈ ಸಾಲಿಗೆ ಸೇರಿಸುವವರಿದ್ದಾರೆ. ಅದು ಸರಿಯಲ್ಲ. ಮಂಡಿಚಿಪ್ಪು ಒಡೆದದ್ದನ್ನು ಯಾರೂ ಶೀಲದ ದೋಷ ಅನ್ನುವುದಿಲ್ಲ. ಖಿನ್ನತೆಯೂ ಕಾಯಿಲೆಯೇ. ಔಷಧಿ ಇದೆ, ವೈದ್ಯರಿದ್ದಾರೆ, ವಾಸಿಯಾದವರು ನಮ್ಮ ನಡುವೆಯೇ ಓಡಾಡಿಕೊಂಡಿದ್ದಾರೆ.

ಸತ್ಯನ್ ಅವರಿಗೆ ಹತ್ತಿರದ ಹೋಲಿಕೆ ಬೇಕಾದರೆ ಜರ್ಮನಿಗೆ ಹೋಗಬೇಕು. ಹ್ಯಾನೋವರ್ ತಂಡದ ಗೋಲ್‌ಕೀಪರ್ ರಾಬರ್ಟ್ ಎಂಕೆ. ಅವನೂ ತಡೆಯುವ ಕಸುಬಿನವನು, ಅವನೂ ನೋವನ್ನು ಮುಚ್ಚಿಟ್ಟವನು. ಖಿನ್ನತೆ ಇದೆ ಅಂತ ತಂಡಕ್ಕೆ ತಿಳಿದರೆ ಜಾಗ ಹೋಗುತ್ತದೆ ಅನ್ನೋ ಭಯ. 2009ರ ನವೆಂಬರಿನಲ್ಲಿ ಅವನು ಹೀಗೆಯೇ ತೀರಿಕೊಂಡ. ಮಾರನೆಯ ದಿನವೇ ಅವನ ಹೆಂಡತಿ ಮತ್ತು ವೈದ್ಯರು ಎಲ್ಲರ ಮುಂದೆ ಕೂತು ಕಾಯಿಲೆಯ ವಿಷಯ ಬಿಚ್ಚಿ ಹೇಳಿದರು. ಸುಮಾರು ಎರಡು ತಿಂಗಳಲ್ಲಿ ಜರ್ಮನ್ ಫುಟ್‌ಬಾಲ್ ಒಕ್ಕೂಟ, ಲೀಗ್ ಮತ್ತು ಅವನ ಕ್ಲಬ್ಬು ಸೇರಿ ಅವನ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಕಟ್ಟಿದವು. ಖಿನ್ನತೆ ಬಂದ ಆಟಗಾರರಿಗೆ ನೆರವಾಗುವುದು ಅದರ ಕೆಲಸಗಳಲ್ಲೊಂದು.

ನಮ್ಮಲ್ಲಿ ಸತ್ಯನ್ ಹೆಸರು ಮತ್ತೆ ಎಲ್ಲರ ಬಾಯಿಗೆ ಬಂದದ್ದು ಸಿನಿಮಾದಿಂದ. 2018ರಲ್ಲಿ ಪ್ರಜೇಶ್ ಸೇನ್ ಮಲಯಾಳದಲ್ಲಿ ಕ್ಯಾಪ್ಟನ್ ಅಂತ ಚಿತ್ರ ಮಾಡಿದರು, ಜಯಸೂರ್ಯ ಸತ್ಯನ್ ಪಾತ್ರ ಮಾಡಿದರು. ಹನ್ನೆರಡು ವರ್ಷ ಆದಮೇಲಾದರೂ ಬಂತಲ್ಲ ಅಂತ ಸಮಾಧಾನ ಪಡೋಣ. ಜೊತೆಗೆ ಆಡಿದವರಲ್ಲಿ ವಿಜಯನ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಮದರಾಸಿನ ಫೈನಲ್ಲಿನಲ್ಲಿ ಗೋಲು ಹೊಡೆದ ಸಾಬಿರ್ ಪಾಷಾ ತರಬೇತುದಾರರಾಗಿ ಬೆಳೆದು, ಅದೇ ನೆಹರು ಸ್ಟೇಡಿಯಂನಲ್ಲಿ ಆಡುವ ಚೆನ್ನೈಯಿನ್ ತಂಡದ ಜೊತೆ ಕೆಲಸ ಮಾಡಿದರು. ಆಟ ಮುಗಿದ ಮೇಲೂ ಆಟದಲ್ಲಿ ಇರಬಹುದು, ಜಾಗ ಇತ್ತು.

ಮೊದಲಲ್ಲಿ ಇನ್ನೊಂದು ಸಂಬಂಧ ಅಂದೆನಲ್ಲ, ಅದು ಇದು. ನಮ್ಮ ಅಡ್ಯಾರಿನಿಂದ ನದಿಯ ಪಾಲ ದಾಟಿದರೆ ಆಚೆ ದಡದಲ್ಲಿ ರಾಜಾ ಅಣ್ಣಾಮಲೈಪುರಂ. ಅಲ್ಲೊಂದು ಬೀದಿಯಲ್ಲಿ ಸ್ನೇಹಾ ಅನ್ನುವ ಸಂಸ್ಥೆ ಇದೆ. ಬದುಕು ಸಾಕು ಅನ್ನಿಸಿದವರು ಅಲ್ಲಿಗೆ ಫೋನು ಮಾಡಬಹುದು, ನೇರವಾಗಿ ಹೋಗಲೂಬಹುದು. ಕಾಸು ಕೊಡಬೇಕಾಗಿಲ್ಲ. ಎದುರಿಗೆ ಕೂರುವ ಸ್ವಯಂಸೇವಕರು ಉಪದೇಶ ಮಾಡದೆ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಅದನ್ನು ಶುರು ಮಾಡಿದ್ದು 1986ರಲ್ಲಿ. ಸತ್ಯನ್ ಹೋದಾಗ ಅದಕ್ಕೆ ಇಪ್ಪತ್ತು ವರ್ಷ ತುಂಬಿತ್ತು.