ವ್ಯಾಪಾರಕ್ಕೂ ಗುರು ಬೇಕೆಂದ ಶಿಬುಸಾವ



ವ್ಯಾಪಾರದಲ್ಲಿ ಗೆದ್ದವರ ಕಥೆಗಳನ್ನು ನೀವು ಬಹಳಷ್ಟು ಕೇಳಿರುತ್ತೀರಿ. ಬರಿಗೈಯಲ್ಲಿ ಹೊರಟು ಕೋಟಿ ಗಳಿಸಿದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ತಾನು ಕಲಿತ ವ್ಯಾಪಾರವನ್ನು ನಾಲ್ಕು ಜನರಿಗೆ ಕಲಿಸಲು ಹೊರಟವರ ಕಥೆ ಅಪರೂಪ. ಕಸುಬಿನ ಗುಟ್ಟು ಬಿಟ್ಟುಕೊಟ್ಟರೆ ಕಲಿತವನೇ ನಾಳೆ ಎದುರಿಗೆ ಅಂಗಡಿ ಇಡುತ್ತಾನೆ ಎಂಬ ಭಯ ನಮ್ಮ ಪೇಟೆಗಳಲ್ಲಿ ಇಂದಿಗೂ ಇದೆ. ಹೀಗಿರುವಾಗ, ಸುಮಾರು 500 ಕಂಪನಿಗಳ ಸ್ಥಾಪನೆಗೆ ಕೈಜೋಡಿಸಿದ ಒಬ್ಬ ಉದ್ಯಮಿ ಒಂದು ವಾಣಿಜ್ಯ ಶಾಲೆಯನ್ನು ಉಳಿಸಲು ದಶಕಗಳ ಕಾಲ ಓಡಾಡಿದ್ದು ಏಕೆ? ಜಪಾನಿನ ಶಿಬುಸಾವ ಐಯಿಚಿ ಅವರ ಬದುಕನ್ನು ಓದಿದರೆ ಇದಕ್ಕೆ ಉತ್ತರ ಸಿಗುತ್ತದೆ.

ನೀಲಿ ವ್ಯಾಪಾರಿಯ ಮಗ

ಶಿಬುಸಾವ 1840ರಲ್ಲಿ ಇಂದಿನ ಸೈತಾಮಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಜನಿಸಿದರು. ಅವರದು ಬೇಸಾಯದ ಮನೆ. ಜೊತೆಗೆ ರೇಷ್ಮೆ ಹುಳು ಸಾಕಣೆ ಮತ್ತು ಬಟ್ಟೆಗೆ ಬಣ್ಣ ಹಾಕುವ ನೀಲಿಯ ವ್ಯಾಪಾರವೂ ಇತ್ತು. ರೈತರಿಂದ ನೀಲಿ ಗಿಡದ ಎಲೆ ಕೊಂಡು, ಅದನ್ನು ಹದಮಾಡಿ ಉಂಡೆ ಕಟ್ಟಿ, ಬಣ್ಣಗಾರರಿಗೆ ಮಾರುವ ಕೆಲಸವದು. ಬಾಲಕ ಐಯಿಚಿ ತಂದೆಯ ಜೊತೆ ಸುತ್ತಿ ಎಲೆಯ ಗುಣಮಟ್ಟ ನೋಡುವುದನ್ನು ಕಲಿತರು. ಚೀನಾದ ಜ್ಞಾನಿ ಕನ್ಫ್ಯೂಶಿಯಸ್ ಅವರ ಬೋಧನೆಗಳನ್ನು ಸೋದರ ಸಂಬಂಧಿಯೊಬ್ಬರ ಬಳಿ ಓದಿದರು.

1862ರಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಗಮನಿಸಿ. ಕುಸ್ತಿಪಟುಗಳ ಸ್ಥಾನಪಟ್ಟಿಯ ಮಾದರಿಯಲ್ಲಿ ನೀಲಿ ಬೆಳೆಗಾರರ ಪಟ್ಟಿಯೊಂದನ್ನು ಸಿದ್ಧಪಡಿಸಿ, ಉತ್ತಮ ಸರಕು ಕೊಟ್ಟವರ ಹೆಸರನ್ನು ಮೇಲಿನ ಸಾಲುಗಳಲ್ಲಿ ಬರೆಸಿದರು. ಮುಂದಿನ ವರ್ಷ ತನ್ನ ಹೆಸರು ಮೇಲೇರಬೇಕೆಂಬ ಆಸೆ ಪ್ರತಿ ಬೆಳೆಗಾರನಲ್ಲಿ ಹುಟ್ಟಲಿ ಎಂಬುದು ಅವರ ಉದ್ದೇಶ. ಬೆಲೆ ಇಳಿಸಲು ಚೌಕಾಸಿ ಮಾಡುವ ಬದಲು ಬೆಳೆಗಾರನನ್ನೇ ಮೇಲೆತ್ತುವ ದಾರಿ ಅವರಿಗೆ ಆಗಲೇ ಹೊಳೆದಿತ್ತು.

ಆದರೆ ಆ ಕಾಲದ ಜಪಾನಿನಲ್ಲಿ ಯೋಧರಿಗೆ ಮೊದಲ ಸ್ಥಾನ, ನಂತರ ರೈತರಿಗೆ, ಆಮೇಲೆ ಕುಶಲಕರ್ಮಿಗಳಿಗೆ. ವ್ಯಾಪಾರಿಗೆ ಕೊನೆಯ ಸ್ಥಾನ. ಹದಿಹರೆಯದಲ್ಲಿ ತಂದೆಯ ಪರವಾಗಿ ಸ್ಥಳೀಯ ಪ್ರಭುವಿನ ಕಚೇರಿಗೆ ಹೋದಾಗ, ಅಧಿಕಾರಿಯು 500 ರ್ಯೋ ಹಣ ಒಪ್ಪಿಸಬೇಕೆಂದು ಆಜ್ಞಾಪಿಸಿದ. ತಂದೆಯನ್ನು ಕೇಳಿ ಉತ್ತರಿಸುತ್ತೇನೆ ಎಂದದ್ದಕ್ಕೆ ಹುಡುಗನನ್ನು ಎಲ್ಲರೆದುರು ಹೀಯಾಳಿಸಿದ. ದುಡಿದು ಗಳಿಸಿದವನು ತಲೆ ತಗ್ಗಿಸಿ ನಿಲ್ಲಬೇಕು, ಕೇಳಿ ಪಡೆಯುವವನು ಗದರಿಸಬಹುದು! ಈ ಅವಮಾನವನ್ನು ಅವರು ಜೀವನಪರ್ಯಂತ ಮರೆಯಲಿಲ್ಲ.

ಪ್ಯಾರಿಸ್ಸಿನಲ್ಲಿ ಕಂಡದ್ದು

ಯೌವನದ ಬಿಸಿರಕ್ತದಲ್ಲಿ ಅವರು 1863ರಲ್ಲಿ ಆಡಳಿತದ ವಿರುದ್ಧ ದಂಗೆಯೇಳುವ ಸಂಚಿನಲ್ಲಿ ಸೇರಿದರು. ಅದನ್ನು ಕೈಬಿಟ್ಟು ಕ್ಯೋಟೋಗೆ ಹೋಗಿ, ಮುಂದೆ ಕೊನೆಯ ಶೋಗನ್ ಆದ ಯೋಶಿನೋಬು ಅವರ ಸೇವೆಗೆ ಸೇರಿಕೊಂಡರು. 1867ರಲ್ಲಿ ಶೋಗನ್ನರ ತಮ್ಮನ ಜೊತೆ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಹೋಗುವ ಅವಕಾಶ ದೊರೆಯಿತು.

ಅಲ್ಲಿ ಅವರಿಗೆ ಆಶ್ಚರ್ಯ ತಂದದ್ದು ಎರಡು ಸಂಗತಿಗಳು. ಜಪಾನಿನ ನಿಯೋಗದ ವ್ಯವಹಾರ ನೋಡಿಕೊಳ್ಳುತ್ತಿದ್ದ ಒಬ್ಬ ಫ್ರೆಂಚ್ ಬ್ಯಾಂಕರ್ ಮತ್ತು ಒಬ್ಬ ಸೇನಾಧಿಕಾರಿ ಸರಿಸಮಾನರಾಗಿ ಕುಳಿತು ಮಾತನಾಡುತ್ತಿದ್ದರು. ತಮ್ಮ ನಾಡಿನಲ್ಲಿ ಇದು ಊಹೆಗೂ ನಿಲುಕದ ವಿಷಯ. ಎರಡನೆಯದು ಕೂಡುಬಂಡವಾಳದ ಪದ್ಧತಿ. ನೂರಾರು ಜನರ ಚಿಕ್ಕ ಚಿಕ್ಕ ಉಳಿತಾಯ ಒಂದೆಡೆ ಸೇರಿದರೆ ರೈಲುಮಾರ್ಗವೇ ನಿರ್ಮಾಣವಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು.

ಬ್ಯಾಂಕು ಮತ್ತು ಲೆಕ್ಕದ ಪುಸ್ತಕ

1868ರಲ್ಲಿ ಸ್ವದೇಶಕ್ಕೆ ಮರಳುವಾಗ ಶೋಗನ್ನರ ಆಳ್ವಿಕೆ ಮುಗಿದಿತ್ತು. ಹೊಸ ಸರ್ಕಾರ 1869ರಲ್ಲಿ ಅವರನ್ನು ಹಣಕಾಸು ಇಲಾಖೆಗೆ ಕರೆಯಿತು. 1873ರಲ್ಲಿ ಆ ದೊಡ್ಡ ಹುದ್ದೆಗೆ ರಾಜೀನಾಮೆ ನೀಡಿ ಅವರು ವ್ಯಾಪಾರಕ್ಕೆ ಇಳಿದಾಗ ಸ್ನೇಹಿತರು ದಂಗಾದರು. ಸರ್ಕಾರಿ ಗೌರವ ಬಿಟ್ಟು ಹಣದ ಹಿಂದೆ ಹೋಗುವುದೇ ಎಂಬುದು ಅವರ ಪ್ರಶ್ನೆ. ಸಮರ್ಥರೆಲ್ಲ ಸರ್ಕಾರಿ ನೌಕರಿಯನ್ನೇ ಹಿಡಿದರೆ ದೇಶದ ವ್ಯಾಪಾರ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು ಶಿಬುಸಾವ ಅವರ ಚಿಂತೆ.

ಅದೇ ವರ್ಷ ಜಪಾನಿನ ಮೊದಲ ಆಧುನಿಕ ಬ್ಯಾಂಕಾದ ಪ್ರಥಮ ರಾಷ್ಟ್ರೀಯ ಬ್ಯಾಂಕ್ ಆರಂಭವಾಯಿತು. ಅದರ ಉಸ್ತುವಾರಿ ಶಿಬುಸಾವ ಅವರದು. ಆದರೆ ಆಧುನಿಕ ಲೆಕ್ಕ ಬರೆಯಬಲ್ಲವರೇ ದೇಶದಲ್ಲಿ ಇರಲಿಲ್ಲ. ಬ್ರಿಟನ್ನಿನ ಅಲೆಕ್ಸಾಂಡರ್ ಶ್ಯಾಂಡ್ ಎಂಬ ತಜ್ಞರಿಂದ ಬ್ಯಾಂಕಿನ ಸಿಬ್ಬಂದಿ ಡಬಲ್ ಎಂಟ್ರಿ ಪದ್ಧತಿಯನ್ನು ಕಲಿಯಬೇಕಾಯಿತು. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳೇ, ನೀವು ಪಿ.ಯು.ಸಿ.ಯಲ್ಲಿ ಕಲಿಯುವ ಜಮೆ-ಖರ್ಚಿನ ಪದ್ಧತಿ ಅದೇ.

1874ರಲ್ಲಿ ಬ್ಯಾಂಕಿನ ಇಬ್ಬರು ದೊಡ್ಡ ಪಾಲುದಾರರಲ್ಲಿ ಒಂದಾದ ಓನೋ ಮನೆತನ ದಿವಾಳಿಯಾಯಿತು. ಬ್ಯಾಂಕು ಆ ಮನೆತನಕ್ಕೆ ಭಾರಿ ಸಾಲ ಕೊಟ್ಟಿತ್ತು. ಬ್ಯಾಂಕು ಮುಳುಗಬೇಕಾಗಿದ್ದ ಆ ಹೊತ್ತಿನಲ್ಲಿ ಓನೋ ಸಂಸ್ಥೆಯ ಫುರುಕಾವ ಇಚಿಬೇ ಎಂಬ ವ್ಯವಸ್ಥಾಪಕರು ಆಸ್ತಿ, ಸರಕುಗಳನ್ನು ಮುಚ್ಚಿಡದೆ ಪ್ರಾಮಾಣಿಕವಾಗಿ ಒಪ್ಪಿಸಿದರು. ಬ್ಯಾಂಕು ಉಳಿಯಿತು. ಮುಂದೆ ಫುರುಕಾವ ತಾಮ್ರದ ಗಣಿ ಉದ್ಯಮ ಕಟ್ಟುವಾಗ ಶಿಬುಸಾವ ಅವರಿಗೆ ಬೆಂಬಲವಾಗಿ ನಿಂತರು. ಲೆಕ್ಕ ಬರೆಯುವ ಕೈ, ಸುಳ್ಳು ಹೇಳದ ನಾಲಿಗೆ, ಇವೆರಡೂ ಇಲ್ಲದೆ ಅಪರಿಚಿತರ ಹಣದಿಂದ ಕಟ್ಟಿದ ಕಂಪನಿ ನಿಲ್ಲುವುದಿಲ್ಲ ಎಂಬ ಪಾಠಕ್ಕೆ ಈ ಘಟನೆಗಿಂತ ದೊಡ್ಡ ಉದಾಹರಣೆ ಬೇಕೇ?

ಮೊದಲು ಮನುಷ್ಯ, ನಂತರ ಯಂತ್ರ

ಒಸಾಕಾದ ಹತ್ತಿ ನೂಲಿನ ಗಿರಣಿಯ ವಿಷಯದಲ್ಲೂ ಹೀಗೆಯೇ. ಯಂತ್ರ ತರಿಸುವ ಮುನ್ನ ಅವರು ಯೋಗ್ಯ ವ್ಯಕ್ತಿಯನ್ನು ಹುಡುಕಿದರು. ಲಂಡನ್ನಿನಲ್ಲಿ ಓದುತ್ತಿದ್ದ ಯಾಮಾನೊಬೆ ತಾಕೆಓ ಎಂಬ ಯುವಕನಿಗೆ ಪತ್ರ ಬರೆದು, ನೂಲುವ ವಿದ್ಯೆ ಕಲಿಯುವಂತೆ ಒಪ್ಪಿಸಿದರು. ಆ ಯುವಕ ಲ್ಯಾಂಕಾಶೈರಿನ ಗಿರಣಿಯೊಂದರಲ್ಲಿ ದುಡಿದು ಕೆಲಸ ಕಲಿತು ಬಂದ. 1883ರಲ್ಲಿ 10,500 ಕದಿರುಗಳೊಂದಿಗೆ ಗಿರಣಿ ಓಡಿತು.

ಈ ಗಿರಣಿಗಳ ಹತ್ತಿಯ ಬೇಡಿಕೆಯೇ ಶಿಬುಸಾವ ಅವರನ್ನು ಭಾರತಕ್ಕೆ ಜೋಡಿಸಿತು. 1893ರಲ್ಲಿ ಜಪಾನಿಗೆ ಹೋದ ಜಮ್‌ಷೇಟ್‌ಜಿ ಟಾಟಾ ಅವರನ್ನು ಭೇಟಿಯಾದರು. ವಿದೇಶಿ ಹಡಗು ಕಂಪನಿಗಳ ದುಬಾರಿ ಬಾಡಿಗೆಯಿಂದ ಇಬ್ಬರೂ ಬೇಸತ್ತಿದ್ದರು. ಅದೇ ವರ್ಷ ಬೊಂಬಾಯಿಗೆ ಜಪಾನಿ ಹಡಗುಗಳ ಸಂಚಾರ ಆರಂಭವಾಯಿತು. ಅದೇ ಟಾಟಾ ಅವರು ತಮ್ಮ ಆಸ್ತಿಯ ಪಾಲನ್ನು ವಿದ್ಯೆಗೆ ಮೀಸಲಿಟ್ಟದ್ದರಿಂದ 1909ರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತೆಂಬುದನ್ನು ನೀವು ಬಲ್ಲಿರಿ.

ಮುಚ್ಚಬೇಕಾಗಿದ್ದ ಶಾಲೆ

ಈಗ ಆ ಶಾಲೆಯ ವಿಷಯಕ್ಕೆ ಬರೋಣ. 1875ರಲ್ಲಿ ಮೋರಿ ಆರಿನೋರಿ ಎಂಬ ರಾಜತಾಂತ್ರಿಕರು ಟೋಕಿಯೋದ ಗಿಂಜಾದಲ್ಲಿ, ಅಂಗಡಿಯೊಂದರ ಮಹಡಿಯ ಮೇಲೆ ಸಣ್ಣದೊಂದು ವಾಣಿಜ್ಯ ಶಾಲೆ ತೆರೆದರು. ಅಮೆರಿಕದಿಂದ ವಿಲಿಯಂ ವಿಟ್ನಿ ಎಂಬ ಶಿಕ್ಷಕರು ಬಂದರು. ಮೋರಿ ಅವರು ಚೀನಾಕ್ಕೆ ರಾಯಭಾರಿಯಾಗಿ ಹೊರಟಾಗ ಶಾಲೆಯ ಹೊಣೆ ಶಿಬುಸಾವ ಮತ್ತು ಅವರ ಸಂಗಡಿಗರ ಹೆಗಲಿಗೆ ಬಿತ್ತು.

ವ್ಯಾಪಾರ ಕಲಿಯಲು ಶಾಲೆ ಏಕೆ, ಅಂಗಡಿಯಲ್ಲಿ ಕುಳಿತರೆ ಸಾಲದೇ ಎಂಬ ಮಾತು ಅಲ್ಲಿಯೂ ಇತ್ತು. 1881ರಲ್ಲಿ ಟೋಕಿಯೋ ಪ್ರಾಂತ್ಯದ ಸಭೆ ಶಾಲೆಗೆ ಹಣ ನಿಲ್ಲಿಸಲು ತೀರ್ಮಾನಿಸಿತು. ಶಿಬುಸಾವ ಸುಮ್ಮನೆ ಕೂರಲಿಲ್ಲ. ದಾನಿಗಳಿಂದ ಹಣ ಕೂಡಿಸಿದರು, ಸರ್ಕಾರದ ನೆರವು ದೊರಕಿಸಿದರು. 1909ರಲ್ಲಿ ಶಾಲೆಯ ಉನ್ನತ ತರಗತಿಯನ್ನು ರದ್ದುಗೊಳಿಸುವ ಸರ್ಕಾರದ ನಿರ್ಧಾರದಿಂದ ನೊಂದ ವಿದ್ಯಾರ್ಥಿಗಳು ಸಾಮೂಹಿಕವಾಗಿ ಶಾಲೆ ತೊರೆದಾಗ, ಸುಮಾರು 70ರ ವಯಸ್ಸಿನ ಶಿಬುಸಾವ ಮಧ್ಯಸ್ಥಿಕೆ ವಹಿಸಿ ಅವರನ್ನು ಮರಳಿ ತರಗತಿಗೆ ಕರೆತಂದರು. 1920ರಲ್ಲಿ ಆ ಶಾಲೆ ವಿಶ್ವವಿದ್ಯಾಲಯವಾಯಿತು. ಇಂದು ಅದು ಹಿತೋತ್ಸುಬಾಶಿ ವಿಶ್ವವಿದ್ಯಾಲಯವೆಂದು ಪ್ರಸಿದ್ಧ.

ಅವರ ಮನೆಯಲ್ಲಿಯೂ ಬಡ ಯುವಕರು ಉಳಿದು ಓದುತ್ತಿದ್ದರು. 1886ರಲ್ಲಿ ಆ ಯುವಕರೇ ಒಂದು ಅಧ್ಯಯನ ಸಂಘ ಕಟ್ಟಿ ಪತ್ರಿಕೆ ಹೊರತಂದರು. ಶಿಬುಸಾವ ಅವರ ಉಪನ್ಯಾಸಗಳ ಸಂಗ್ರಹ 1916ರಲ್ಲಿ ಪುಸ್ತಕವಾಯಿತು. ಅದರ ಹೆಸರಿನಲ್ಲೇ ಕನ್ಫ್ಯೂಶಿಯಸ್ಸರ ಬೋಧನೆಯೂ ಅಬಾಕಸ್ಸೂ ಅಕ್ಕಪಕ್ಕ ಇವೆ. ನೀತಿಯಿಲ್ಲದ ಲಾಭ ಬಾಳದು, ಲಾಭವಿಲ್ಲದ ನೀತಿಯಿಂದ ಹಸಿವು ನೀಗದು ಎಂಬುದು ಅದರ ಸಾರ.

ಅವರು ದೋಷರಹಿತರೆಂದು ಹೇಳಲಾಗದು. ಅವರ ಗಿರಣಿಗಳಲ್ಲಿ ಹೆಣ್ಣುಮಕ್ಕಳು ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದರು. ಕಾರ್ಮಿಕರ ರಕ್ಷಣೆಯ ಕಾನೂನನ್ನು ಅವರು 1896ರಲ್ಲಿ ವಿರೋಧಿಸಿ, ಬಹುಕಾಲದ ನಂತರ ಒಪ್ಪಿಕೊಂಡರು. ಆದರೂ ಮಿತ್ಸುಬಿಶಿಯ ಇವಾಸಾಕಿಯವರಂತೆ ಎಲ್ಲ ಅಧಿಕಾರವನ್ನು ಒಂದೇ ಮನೆತನದಲ್ಲಿ ಕೂಡಿಡುವ ದಾರಿ ಅವರದಾಗಲಿಲ್ಲ. ಟೋಕಿಯೋದ ಅನಾಥರು ಮತ್ತು ನಿರ್ಗತಿಕರ ಆಶ್ರಯಧಾಮವನ್ನು ಅವರು 1931ರಲ್ಲಿ ಕೊನೆಯುಸಿರೆಳೆಯುವವರೆಗೂ ನಡೆಸಿದರು. 2024ರಲ್ಲಿ ಜಪಾನ್ ತನ್ನ 10,000 ಯೆನ್ ನೋಟಿನ ಮೇಲೆ ಅವರ ಚಿತ್ರವನ್ನು ಮುದ್ರಿಸಿತು. ವ್ಯಾಪಾರಿಯೆಂದು ಹೀಯಾಳಿಸಿಕೊಂಡ ಹುಡುಗನಿಗೆ ಆ ನಾಡು ಸಲ್ಲಿಸಿದ ಗೌರವವದು.

ನಮಗೇನು ಪಾಠ?

ಅವರು ಕಲಿಸಿದ್ದೇಕೆ ಎಂಬುದು ಈಗ ನಿಮಗೆ ತಿಳಿದಿರಬಹುದು. ಒಬ್ಬನೇ ಗೆದ್ದರೆ ಒಂದು ಮನೆ ಬೆಳಗುತ್ತದೆ. ತಿಜಾರತ್ತಿಗೆ ಸಮಾಜದಲ್ಲಿ ಮರ್ಯಾದೆ ಬರಬೇಕಾದರೆ ಬಲ್ಲವರು, ನಂಬಿಕಸ್ಥರು ನೂರಾರು ಮಂದಿ ಬೇಕು. ಅಂಥವರು ತಾವಾಗಿ ಹುಟ್ಟುವುದಿಲ್ಲ, ಯಾರಾದರೂ ಕಲಿಸಬೇಕು.

ಅಂಗಡಿ, ಮಂಡಿ, ಕಾರ್ಖಾನೆ ನಡೆಸುವ ಹಿರಿಯರೇ, ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕ ನಿಂತ ಹುಡುಗನಿಗೆ ಸರಕು ಎತ್ತಿಡುವುದರ ಜೊತೆಗೆ ಲೆಕ್ಕ ಬರೆಯುವುದನ್ನೂ ಕಲಿಸಿ. ಅವನು ಶಾಲೆ ಬಿಟ್ಟು ಬಂದಿದ್ದರೆ ಮತ್ತೆ ಪರೀಕ್ಷೆಗೆ ಕೂರಿಸಿ. ತಿಂಗಳಿಗೊಮ್ಮೆ ನಮ್ಮ ಶಾಲೆಗೆ ಬಂದು ಒಂದು ತಾಸು ಮಕ್ಕಳೊಂದಿಗೆ ನಿಮ್ಮ ಅನುಭವ ಹಂಚಿಕೊಳ್ಳಿ. ವಿದ್ಯಾರ್ಥಿಗಳೇ, ಅವರು ಬಂದಾಗ ಲಾಭದ ಕಥೆಯನ್ನಷ್ಟೇ ಕೇಳಬೇಡಿ. ನಷ್ಟವಾದಾಗ ಸಾಲಗಾರರಿಗೆ ಮುಖ ತೋರಿಸಿದ್ದು ಹೇಗೆ ಎಂದೂ ಕೇಳಿ. ಯಾವ ಪಠ್ಯಪುಸ್ತಕದಲ್ಲೂ ಸಿಗದ ಪಾಠವದು.