ಊರು ಕಟ್ಟಿದ ಕೆಂಪೇಗೌಡ

ಲೋಕದ ಹಿರಿಯ ನಗರಗಳು ಬಹುಮಟ್ಟಿಗೆ ನದಿಯ ದಡದಲ್ಲಿಯೋ ಕಡಲ ತೀರದಲ್ಲಿಯೋ ಬೆಳೆದವು. ಬೆಂಗಳೂರಿಗೆ ಆ ಭಾಗ್ಯವಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ದಿಣ್ಣೆಯ ಮೇಲೆ ಪಟ್ಟಣ ಕಟ್ಟಬೇಕಾದರೆ ಎದೆಗಾರಿಕೆಯೊಡನೆ ಮುಂದಾಲೋಚನೆಯೂ ಬೇಕು. ಇವೆರಡೂ ಕೂಡಿದ್ದ ಪುರುಷನೇ ಹಿರಿಯ ಕೆಂಪೇಗೌಡ.

ಕೆಂಪೇಗೌಡನು ಯಲಹಂಕ ನಾಡಪ್ರಭುಗಳ ವಂಶದವನು, ಕೆಂಪನಂಜೇಗೌಡನ ಮಗ. ಈ ಮನೆತನದವರು ವಿಜಯನಗರದ ಅರಸರಿಗೆ ಸಾಮಂತರಾಗಿದ್ದರು. ಬೆಂಗಳೂರೆಂಬ ಹೆಸರು ಅವನಿಗಿಂತ ಬಹಳ ಹಿಂದಿನದು, ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲಿಯೇ ಅದು ಕಾಣಸಿಗುತ್ತದೆ. ಆದರೆ ಆ ಹೆಸರಿಗೆ ಪಟ್ಟಣದ ಪದವಿ ದೊರೆತದ್ದು 1537ರಲ್ಲಿ ಅವನು ಮಣ್ಣಿನ ಕೋಟೆ ಕಟ್ಟಿಸಿದಾಗ. ಶುಭಮುಹೂರ್ತದಲ್ಲಿ ನಾಲ್ಕು ನೇಗಿಲುಗಳನ್ನು ನಾಲ್ಕು ದಿಕ್ಕಿಗೆ ಹೂಡಿಸಿ, ಆ ಗೆರೆಗಳನ್ನೇ ಬೀದಿಗಳಾಗಿಸಿದನೆಂಬುದು ಪ್ರತೀತಿ. ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕವೇ ಆ ಸ್ಥಳವೆನ್ನುತ್ತಾರೆ.

ಕೋಟೆಯೊಂದರಿಂದಲೇ ಊರು ಬೆಳೆಯದು. ಅಲ್ಲಿ ದುಡಿಮೆ ಇರಬೇಕು, ಕುಡಿಯಲು ನೀರಿರಬೇಕು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳು ಒಂದೊಂದು ಕಸುಬಿಗೂ ಒಂದೊಂದು ನೆಲೆ ದೊರೆತುದನ್ನು ಇಂದಿಗೂ ಸಾರುತ್ತವೆ. ನೀರಿಗಾಗಿ ಅವನು ಧರ್ಮಾಂಬುಧಿ, ಕೆಂಪಾಂಬುಧಿ ಮೊದಲಾದ ಕೆರೆಗಳನ್ನು ಕಟ್ಟಿಸಿದನು. ದಿಣ್ಣೆಯಿಂದ ಇಳಿದುಹೋಗುವ ಮಳೆನೀರಿಗೆ ತಗ್ಗಿನಲ್ಲಿ ಏರಿ ಹಾಕಿ ತಡೆದರೆ ಕೆರೆಯ ಕೆಳಗಿನ ಗದ್ದೆ ನೆನೆಯುತ್ತದೆ, ಸುತ್ತಣ ಬಾವಿಗಳ ಒರತೆಯೂ ಬತ್ತುವುದಿಲ್ಲ.

ಅಭ್ಯುದಯದ ನಡುವೆ ವಿಪತ್ತೂ ಒದಗಿತು. ಪ್ರಭುಗಳ ಅಪ್ಪಣೆಯಿಲ್ಲದೆ ತನ್ನದೇ ನಾಣ್ಯವನ್ನು ಟಂಕಿಸಿದನೆಂದು ಅವನನ್ನು ಆನೆಗೊಂದಿಯ ಸೆರೆಮನೆಯಲ್ಲಿ ಐದು ವರ್ಷ ಇರಿಸಿದರೆಂದು ಹೇಳುವುದುಂಟು. ಬಿಡುಗಡೆಯಾಗಿ ಬಂದವನು ಎದೆಗುಂದದೆ ಮತ್ತೆ ನಾಡಿನ ಕೆಲಸಕ್ಕೆ ಕೈಹಚ್ಚಿದನು. 1569ರಲ್ಲಿ ತೀರಿಕೊಂಡನು.

1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಬೆಂಗಳೂರನ್ನು ಗೆದ್ದನು. ಕೆಂಪೇಗೌಡನ ವಂಶದವರು ಕಟ್ಟಿದ ಊರನ್ನು ಬಿಟ್ಟು ಮಾಗಡಿಗೆ ಸರಿದು, ಸಾವನದುರ್ಗದ ಆಸರೆಯಲ್ಲಿ ಆಳಿದರು. 1728ರಲ್ಲಿ ಮಾಗಡಿಯೂ ಮೈಸೂರಿನವರ ವಶವಾಯಿತು. ಮಾಗಡಿಯ ಬಳಿಯ ಕೆಂಪಾಪುರವೆಂಬ ಹಳ್ಳಿಯಲ್ಲಿ ಹಿರಿಯ ಕೆಂಪೇಗೌಡನ ಸಮಾಧಿಯಿರುವುದು 2015ರಲ್ಲಿ ಬೆಳಕಿಗೆ ಬಂದಿತು. ಕುಣಿಗಲಿನಿಂದ ಹಿಂದಿರುಗುವಾಗ ಅವನು ಕಾಳಗದಲ್ಲಿ ಮಡಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಹಳ್ಳಿಯನ್ನು ನಗರವಾಗಿಸಿದವನು ಹಳ್ಳಿಯೊಂದರ ಮಣ್ಣಿನಲ್ಲಿಯೇ ವಿಶ್ರಮಿಸಿದ್ದಾನೆ.

ಅವನು ಕಟ್ಟಿದ ಪೇಟೆ ಇಂದು ಕೋಟೆಯ ಎಲ್ಲೆ ಮೀರಿ, ಸುತ್ತಣ ನೂರಾರು ಹಳ್ಳಿಗಳನ್ನು ತನ್ನ ಬಡಾವಣೆಗಳನ್ನಾಗಿ ಮಾಡಿಕೊಂಡಿದೆ. ಮಾಗಡಿಯ ದಾರಿಯುದ್ದಕ್ಕೂ ಚಾಚಿದೆ. 1896ರಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿಯಿಂದಲೂ ನಗರಕ್ಕೆ ಕೊಳವೆಯ ನೀರು ಬಂದಿತು. ಕೆರೆಗಳ ಹಂಗು ತಪ್ಪಿತೆಂದು ಜನ ಬಗೆದರು. ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಯಿತು. ಅದಕ್ಕೆ ಕೆರೆ ಕಟ್ಟಿಸಿದವನ ಹೆಸರನ್ನೇ ಇಟ್ಟರು. ಈಗ ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಮೇಲೆತ್ತಿ ತಂದರೂ ನಗರದ ಬಾಯಾರಿಕೆ ತಣಿದಿಲ್ಲ. ಹಿರಿಯರ ಹೆಸರನ್ನು ಉಳಿಸುವುದು ಸುಲಭ. ಅವರ ಮುಂದಾಲೋಚನೆಯನ್ನು ಉಳಿಸಿಕೊಳ್ಳುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.