ಕೈಗಳ ಭಾವಚಿತ್ರ ತೆಗೆದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್

ಹತ್ತನೇ ತರಗತಿಯ ಗ್ರೂಪ್ ಫೋಟೊ ತೆಗೆಯುವಾಗ ಮುಂದಿನ ಸಾಲಿನವರಿಗೆ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಳ್ಳಲು ಹೇಳಿದ್ದರು. ಹಿಂದೆ ನಿಂತ ನಮ್ಮ ಕೈಗಳು ಕಾಣಲೇ ಇಲ್ಲ. ಕೈಯನ್ನೇ ಭಾವಚಿತ್ರ ಮಾಡಬಹುದೆಂದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ, ಅಮೆರಿಕದ ಛಾಯಾಗ್ರಾಹಕ ಸ್ಟೀಗ್ಲಿಟ್ಸ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದಾಗ.

ಅವರು 1864ರ ಜನವರಿ 1ರಂದು ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ ಹುಟ್ಟಿದರು. ತಂದೆ ಜರ್ಮನಿಯಿಂದ ಬಂದ ಉಣ್ಣೆ ವ್ಯಾಪಾರಿ. ಕಂಬಳಿಯ ಸೀಮೆಯವರಾದ ನಮಗೆ ಇದು ದೂರದ ಮಾತಲ್ಲ. ಮಗ ಬರ್ಲಿನ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಸೇರಿ, ಪ್ರೊಫೆಸರ್ ಫೋಗೆಲ್ ಅವರ ಬಳಿ ಫೋಟೊ ರಸಾಯನಶಾಸ್ತ್ರ ಕಲಿತು, ಕ್ಯಾಮೆರಾ ಹಿಡಿದ. ಮತ್ತೆ ಎಂಜಿನಿಯರಿಂಗ್ ಕಡೆ ತಿರುಗಲಿಲ್ಲ. ಬಿ.ಇ. ಮುಗಿಸಿ ಕಂಪ್ಯೂಟರ್ ಮುಂದೆ ಕೂತವನಿಗೆ ಇಲ್ಲಿ ಸ್ವಲ್ಪ ಹೊಟ್ಟೆಕಿಚ್ಚು!

ಫೋಟೊ ಎಂದರೆ ಯಂತ್ರದ ಕೆಲಸ, ಕಲೆಯಲ್ಲ ಎನ್ನುತ್ತಿದ್ದ ಕಾಲ ಅದು. 1905ರಲ್ಲಿ ನ್ಯೂಯಾರ್ಕ್‌ನಲ್ಲಿ ಗ್ಯಾಲರಿ ತೆರೆದು ಆ ಮಾತಿನೊಡನೆ ಹೋರಾಡಿದರು. 1917ರಲ್ಲಿ ಅಲ್ಲಿಗೆ ಬಂದ ಚಿತ್ರಕಲಾವಿದೆ ಜಾರ್ಜಿಯಾ ಒಕೀಫ್ ಅವರ ಫೋಟೊ ತೆಗೆಯಲು ಶುರುಮಾಡಿ, ಇಪ್ಪತ್ತು ವರ್ಷಗಳಲ್ಲಿ 300ಕ್ಕೂ ಹೆಚ್ಚು ತೆಗೆದರು. ಬರೀ ಕೈಗಳ ಚಿತ್ರಗಳೇ ಎಷ್ಟೋ. 1919ರ ಒಂದರಲ್ಲಿ, ಹೊಲಿಯುವಾಗ ಬೆರಳಿಗೆ ಹಾಕುವ ಪುಟ್ಟ ಲೋಹದ ಟೊಪ್ಪಿಗೆ ಹೊಳೆಯುತ್ತದೆ. ಮುಖವಿಲ್ಲ, ಆದರೂ ಆಕೆಯ ಗುರುತು ಸಿಗುತ್ತದೆ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ರೇಷ್ಮೆ ಎಳೆ ಕೂಡಿಸುವ ಬೆರಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ಕ್ಯಾಮೆರಾ, ನಿಧಾನದ ಕೆಲಸ. ಆಕೆ ನಿಮಿಷಗಟ್ಟಲೆ ಅಲುಗದೆ ಇರಬೇಕಿತ್ತು. ಆ ಚಿತ್ರಗಳಲ್ಲಿ ಆಕೆಯ ತಾಳ್ಮೆಗೂ ಅರ್ಧ ಪಾಲಿದೆ ಎಂದು ನನಗನಿಸುತ್ತದೆ. ಆಕೆಗಿಂತ 23 ವರ್ಷ ದೊಡ್ಡವರು, ಆಗಲೇ ಮದುವೆಯಾದವರು. ಮೊದಲ ಮದುವೆ ಮುರಿದು 1924ರಲ್ಲಿ ಒಕೀಫ್ ಅವರನ್ನು ಮದುವೆಯಾದರು. ಮೊದಲ ಹೆಂಡತಿಗೆ ಆದ ನೋವನ್ನು ಕಲೆಯ ಹೆಸರಿನಲ್ಲಿ ಮರೆಯಬಾರದು.

ಅದೇ ವರ್ಷ ಬೋಸ್ಟನ್ ಮ್ಯೂಸಿಯಂ ಅವರ 27 ಫೋಟೊಗಳನ್ನು ಕಲಾಕೃತಿಗಳೆಂದೇ ಸೇರಿಸಿಕೊಂಡಿತು. ಅದಕ್ಕೆ ಒತ್ತಾಸೆಯಾದವರು ಅಲ್ಲಿ ಭಾರತೀಯ ಕಲೆಯನ್ನು ನೋಡಿಕೊಳ್ಳುತ್ತಿದ್ದ ಆನಂದ ಕುಮಾರಸ್ವಾಮಿ. ನಾಟ್ಯದ ಹಸ್ತಮುದ್ರೆಗಳನ್ನು ವಿವರಿಸುವ 'ಅಭಿನಯದರ್ಪಣ'ದ ಇಂಗ್ಲಿಷ್ ಅನುವಾದವನ್ನು 1917ರಲ್ಲಿ ಪ್ರಕಟಿಸಿದವರಲ್ಲಿ ಅವರೂ ಒಬ್ಬರು.

ಆರೋಗ್ಯ ಕೆಟ್ಟು 1937ರಲ್ಲಿ ಕ್ಯಾಮೆರಾ ಕೆಳಗಿಟ್ಟ ಸ್ಟೀಗ್ಲಿಟ್ಸ್ 1946ರ ಜುಲೈ 13ರಂದು ತೀರಿಕೊಂಡರು. ಅವರು ಬಿಟ್ಟುಹೋದ ರಾಶಿ ಫೋಟೊಗಳನ್ನು ಒಕೀಫ್ ವರ್ಷಗಟ್ಟಲೆ ಕೂತು ಆರಿಸಿದರು. ಆ ಸಂಗ್ರಹ ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ.